ಯಾರಿಗೆಷ್ಟು ಅಂತ ಕೇಳುವ ಮೊದಲು ಯಾವುದು ಯಾವುದು ಅಂತ ನೋಡಿ: ಕೊಡಗಿನ ತೋಟ, ಗದ್ದೆ, ಮನೆಯ ಪಾಲು

ನಮ್ಮ ಊರು ಭಾಗಮಂಡಲದ ಕಡೆ. ಅಪ್ಪ ತೀರಿಕೊಂಡ ಮೇಲೆ ಬೆಳೆಸಾಲಕ್ಕೆ ಬೇಕು ಅಂತ ನಾನು ಮೊದಲ ಸಲ ಪಹಣಿ ತೆಗೆಸಿ ಸರಿಯಾಗಿ ಓದಿದೆ. ಒಂಬತ್ತನೇ ಕಾಲಂನಲ್ಲಿ ಅಪ್ಪನ ಹೆಸರು ಇರಲಿಲ್ಲ. ಅಜ್ಜನ ಹೆಸರೂ ಇರಲಿಲ್ಲ. ಅಜ್ಜನ ದೊಡ್ಡಪ್ಪ ಪಟ್ಟೆದಾರ (ಮನೆತನದ ಪರವಾಗಿ ದಾಖಲೆಯಲ್ಲಿ ಮೊದಲ ಹೆಸರು ಇರುವವರು), ಅವರ ಕೆಳಗೆ ಹನ್ನೊಂದು ಹೆಸರು. ಅದರಲ್ಲಿ ನನಗೆ ಗುರುತು ಸಿಕ್ಕಿದ್ದು ನಾಲ್ಕು, ಜೀವಂತ ಇದ್ದವರು ಒಬ್ಬರೇ. ಯಾರಿಗೆ ಎಷ್ಟು ಎಕರೆ ಅನ್ನುವುದು ಎಲ್ಲೂ ಇಲ್ಲ, ಎಲ್ಲರಿಗೂ ಸೇರಿ ಒಂದೇ ಲೆಕ್ಕ, ಜಂಟಿ. ಆದರೆ ತೋಟದಲ್ಲಿ ನಾವು ಮೂರು ತಲೆಮಾರಿನಿಂದ ಬೇರೆ ಬೇರೆಯಾಗಿಯೇ ಕಾಫಿ ಕುಯ್ಯುತ್ತಿದ್ದೇವೆ, ಬೇಲಿ ಇದೆ, ಗೇಟಿದೆ. ಭೂಮಿಯ ಮೇಲೆ ಇರುವುದಕ್ಕೂ ಕಾಗದದ ಮೇಲೆ ಇರುವುದಕ್ಕೂ ಸಂಬಂಧವೇ ಇಲ್ಲ.

ಕೊಡಗಿನಲ್ಲಿ ಇದು ನಮ್ಮೊಂದು ಮನೆಯ ಕತೆ ಅಲ್ಲ ಅಲ್ವಾ. ಅದನ್ನು ಸರಿ ಮಾಡಿಸಲು ನಮಗೆ ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲ ಅಲ್ಲ. ಸಹಿ ಹಾಕುವ ಮೊದಲು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಜಮ್ಮಾ (ಕೊಡಗಿನ ಹಳೆಯ ಮನೆತನದ ಹಿಡುವಳಿ) ಜಾಗದ ಕೇಸು ನಡೆಸಿ ಗೊತ್ತಿರುವ ವಕೀಲರಿಗೆ ಕಾಗದ ತೋರಿಸಿ. ಬೇರೆ ಜಿಲ್ಲೆಯಲ್ಲಿ ಎಷ್ಟೇ ದೊಡ್ಡ ವಕೀಲರಾದರೂ ಬಾಣೆ ಅಂದರೆ ಏನು ಅಂತ ಅವರಿಗೆ ನಾವೇ ಹೇಳಿಕೊಡಬೇಕಾಗುತ್ತದೆ.

ಮೊದಲು ಆಸ್ತಿಯನ್ನು ಬಿಡಿಸಿ ಬರೆಯಿರಿ

ಮನೆಯಲ್ಲಿ ಪಾಲಿನ ಮಾತು ಎದ್ದ ಕೂಡಲೇ ಎಲ್ಲರೂ ಕೇಳುವುದು "ನನಗೆಷ್ಟು" ಅಂತ. ಅದಕ್ಕೆ ಉತ್ತರ ಆಮೇಲೆ. ಮೊದಲು ಒಂದು ಹಾಳೆ ತಗೊಂಡು ಒಂದೊಂದು ಸರ್ವೆ ನಂಬರನ್ನೂ ಬೇರೆ ಬೇರೆ ಬರೆಯಿರಿ. ಅದರ ಮುಂದೆ, ಇದು ಯಾರಿಗೆ ಎಲ್ಲಿಂದ ಬಂತು ಅಂತ ಬರೆಯಿರಿ. ಒಂದೇ ಬೇಲಿಯ ಒಳಗೆ ಇದ್ದರೂ ಒಂದು ತುಂಡು ಜಮ್ಮಾ, ಇನ್ನೊಂದು ಅಪ್ಪ ದುಡಿದ ದುಡ್ಡಲ್ಲಿ ಕೊಂಡದ್ದು, ಮತ್ತೊಂದು ಅಮ್ಮನ ಹೆಸರಲ್ಲಿ ಇರುವುದು ಆಗಿರಬಹುದು. ಮೂರಕ್ಕೂ ಕಾನೂನಿನ ದಾರಿ ಬೇರೆ.

ಜಮ್ಮಾ ಅಂದರೆ ರಾಜರ ಕಾಲದಲ್ಲಿ ಸೇವೆಗೆ ಬದಲಾಗಿ ಮನೆತನಕ್ಕೆ ಕೊಟ್ಟ ಜಾಗ, ಅರ್ಧ ಕಂದಾಯದ್ದು. ಗದ್ದೆ ಜಮ್ಮಾ, ಆ ಗದ್ದೆಗೆ ಸೊಪ್ಪು ಸೌದೆ ದನ ಮೇಯಿಸುವುದಕ್ಕೆ ಅಂತ ಸೇರಿಸಿಕೊಟ್ಟ ಜಾಗ ಬಾಣೆ. ಆ ಬಾಣೆಯೇ ಇವತ್ತಿನ ಕಾಫಿ ತೋಟ. ಇದು ಮನೆತನದ ಜಾಗ, ಪಟ್ಟೆದಾರನ ಸ್ವಂತ ಜಾಗ ಅಲ್ಲ. ಪಹಣಿಯಲ್ಲಿ ಮೇಲೆ ಹೆಸರಿದೆ ಅಂತ ಅವರು ಒಬ್ಬರೇ ಎಲ್ಲವನ್ನೂ ಮಾರಲು ಆಗುವುದಿಲ್ಲ. ಬಾಣೆಯ ದಾಖಲೆ ವಿಷಯದಲ್ಲಿ ಕಾನೂನು ತಿದ್ದುಪಡಿಗಳೂ ಆಗುತ್ತಾ ಬಂದಿವೆ. ಆದ್ದರಿಂದ ಹತ್ತು ವರ್ಷದ ಹಿಂದೆ ಪಕ್ಕದ ಮನೆಯವರು ಹೀಗೆ ಮಾಡಿಸಿದರು ಅಂತ ಅದನ್ನೇ ಹಿಡಿದು ಹೊರಡಬೇಡಿ, ತಾಲೂಕು ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ. ಸಾಗು ಜಾಗ ಅಂದರೆ ಪೂರ್ತಿ ಕಂದಾಯದ್ದು, ಅದರಲ್ಲಿ ಗೊಂದಲ ಕಡಿಮೆ. ಬಾಣೆಯ ಮರಗಳು ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಹೌದೋ ಅಲ್ಲವೋ ಅಂತಲೂ ಅದೇ ಹಾಳೆಯಲ್ಲಿ ಬರೆಯಿರಿ. ಅನ್‌ರಿಡೀಮ್ಡ್ ಆಗಿದ್ದರೆ ಆ ಮರದ ಬೆಲೆಯಲ್ಲಿ ಸರ್ಕಾರದ ಪಾಲಿದೆ. ಮರದ ಲೆಕ್ಕ ಹಿಡಿದು ಸಮ ಮಾಡಿಕೊಂಡ ಪಾಲು ಆಮೇಲೆ ಏರುಪೇರಾಗುತ್ತದೆ.

ಹಾಳೆ ತುಂಬಲು ಬೇಕಾದ ಕಾಗದ ಇಷ್ಟು: ಈಗಿನ ಪಹಣಿ, ಕಂಪ್ಯೂಟರ್ ಬರುವ ಮೊದಲಿನ ಕೈಬರಹದ ಪಹಣಿ, ಹಳೆಯ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಹಿಂದೆ ಯಾವುದಾದರೂ ನೋಂದಾಯಿತ ಪತ್ರ ಆಗಿದ್ದರೆ ಅದು, ಮತ್ತೆ ಇಸಿ (ಋಣಭಾರ ಪತ್ರ). ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಹಳೆಯ ಕೈಬರಹದ್ದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿ ಕಾಯಬೇಕು. ಪಹಣಿಯ ಹನ್ನೊಂದನೇ ಕಾಲಂ ನೋಡುವುದನ್ನು ಮರೆಯಬೇಡಿ. ಎಂದೋ ತೀರಿಸಿದ ಸಹಕಾರ ಸಂಘದ ಸಾಲ ಅಲ್ಲಿ ಇನ್ನೂ ಕೂತಿರುತ್ತದೆ.

ಯಾರಿಗೆ ಹಕ್ಕು

ಹಿಂದೂಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಕೊಡವರಿಗೂ ಅದೇ, ನಮ್ಮ ಅರೆಭಾಷೆ ಗೌಡರಿಗೂ ಅದೇ. ಐನ್‌ಮನೆಯ (ಮನೆತನದ ಮೂಲಮನೆಯ) ಪದ್ಧತಿ, ಒಕ್ಕದ (ಮನೆತನದ) ಕಟ್ಟು, ಎಲ್ಲವೂ ದೊಡ್ಡದೇ. ಆದರೆ ಕಾಯ್ದೆಯಲ್ಲಿ ಹೇಳಿರುವ ವಿಷಯಕ್ಕೆ ಪದ್ಧತಿ ನಿಲ್ಲುವುದಿಲ್ಲ.

ಅಪ್ಪ ಸ್ವಂತ ದುಡಿದು ಕೊಂಡದ್ದು, ವಿಲ್ ಬರೆಯದೆ ತೀರಿಕೊಂಡರು ಅಂತ ಇಟ್ಟುಕೊಳ್ಳಿ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮತ್ತೆ ಅಪ್ಪನ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮಪಾಲು. ಅಜ್ಜಿಯನ್ನು ಬಹಳ ಜನ ಮರೆಯುತ್ತಾರೆ. ಅಜ್ಜಿ, ಅಮ್ಮ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದರೆ ಐದು ಪಾಲು. ಮಗ ಮೊದಲೇ ತೀರಿಕೊಂಡಿದ್ದರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ, ಮಗಳು ತೀರಿಕೊಂಡಿದ್ದರೆ ಅವಳ ಮಕ್ಕಳಿಗೆ.

ಪಿತ್ರಾರ್ಜಿತದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಹೆಣ್ಣುಮಕ್ಕಳಿಗೂ ಹೌದು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಇತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮದುವೆ ಆಗಿರಲಿ ಬಿಡಲಿ, ಮಗಳಿಗೆ ಮಗನಷ್ಟೇ ಹಕ್ಕು ಅಂತ ಆಯಿತು. ಅಪ್ಪ ಆ ದಿನ ಬದುಕಿರಬೇಕಿತ್ತೇ ಅನ್ನುವ ಜಗಳ 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಮುಗಿಯಿತು, ಬದುಕಿರಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪಾಲುಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಕೆದಕಲು ಆಗುವುದಿಲ್ಲ. "ನಾವು ಬಾಯಿಮಾತಲ್ಲಿ ಆಗಲೇ ಪಾಲು ಮಾಡಿಕೊಂಡಿದ್ದೆವು" ಅನ್ನುವುದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ತುಂಬಾ ಇದೆ. ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ. ಅಜ್ಜ ಸ್ವಂತ ದುಡ್ಡಲ್ಲಿ ಕೊಂಡ ತೋಟ, ವಿಲ್ ಇಲ್ಲದೆ ಅವರು ಹೋದರು, ಅಪ್ಪನಿಗೆ ಒಂದು ಪಾಲು ಬಂತು. ಅದು ಅಪ್ಪನ ಸ್ವಂತ. ಮೊಮ್ಮಕ್ಕಳು ಹುಟ್ಟಿನಿಂದ ನಮಗೂ ಇದೆ ಅಂತ ಕೇಳುವಂತಿಲ್ಲ. ನಾನು ಹೇಳಿದ ಹಾಳೆಯಲ್ಲಿ "ಎಲ್ಲಿಂದ ಬಂತು" ಅನ್ನುವ ಸಾಲು ಇಲ್ಲೇ ಕೆಲಸಕ್ಕೆ ಬರುವುದು.

ಅಮ್ಮನ ಹೆಸರಲ್ಲಿ ಇರುವುದು ಅಮ್ಮನದೇ, ಪೂರ್ತಿ. ಅವರು ಯಾರಿಗೆ ಬೇಕಾದರೂ ಕೊಡಬಹುದು. ವಿಲ್ ಇಲ್ಲದೆ ಹೋದರೆ ಗಂಡನಿಗೂ ಮಕ್ಕಳಿಗೂ ಸಮ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಇದನ್ನು ಗಮನಕೊಟ್ಟು ಓದಬೇಕು: ತವರಿನಿಂದ ವಾರಸಾಗಿ ಬಂದ ಆಸ್ತಿ ತಂದೆಯ ವಾರಸುದಾರರಿಗೆ ಹಿಂದೆ ಹೋಗುತ್ತದೆ. ಆದರೆ ನೀವೇ ಬೆಂಗಳೂರಲ್ಲಿ ದುಡಿದು ಕೊಂಡ ಸೈಟು ಗಂಡನಿಗೆ, ಗಂಡ ಇಲ್ಲದಿದ್ದರೆ ಗಂಡನ ಕಡೆಯವರಿಗೆ ಹೋಗುತ್ತದೆ, ನಿಮ್ಮ ಅಪ್ಪ ಅಮ್ಮನಿಗೆ ಅವರ ನಂತರವೇ. ಅದು ಬೇಡ ಅಂದರೆ ವಿಲ್ ಬರೆಯಬೇಕು.

ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ಅಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಬರೆಯಲು ಬರುವುದಿಲ್ಲ. ಕ್ರೈಸ್ತರಿಗೆ 1925ರ ಕಾಯ್ದೆ, ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮ. ಪರಿಶಿಷ್ಟ ಪಂಗಡದವರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಾಡಿಯ ಬುಡಕಟ್ಟಿನವರಿಗೆ ಸಿಕ್ಕ ಜಾಗ ಮಕ್ಕಳಿಗೆ ಹೋಗುತ್ತದೆ, ಆದರೆ ಮಾರುವಂತಿಲ್ಲ. ಯಾರಾದರೂ ಅಗ್ರಿಮೆಂಟ್ ಮಾಡಿಕೊಡಿ ಅಂತ ಬಂದರೆ ಸಹಿ ಹಾಕಬೇಡಿ.

ಪೌತಿ ಖಾತೆ

ಪೌತಿ ಖಾತೆ ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಹಿರಿಯರು ತೀರಿಕೊಂಡ ಮೇಲೆ ಮರಣ ಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಅರ್ಜಿ. ಗ್ರಾಮ ಆಡಳಿತ ಅಧಿಕಾರಿ ಬಂದು ವಿಚಾರಿಸುತ್ತಾರೆ, ನೋಟಿಸ್ ಆಗುತ್ತದೆ, ತಕರಾರು ಇಲ್ಲದಿದ್ದರೆ ವಾರಸುದಾರರ ಹೆಸರು ಪಹಣಿಗೆ ಬರುತ್ತದೆ. ಮರಣವನ್ನು 21 ದಿನದ ಒಳಗೆ ನೋಂದಾಯಿಸಿದರೆ ಖರ್ಚೂ ಇಲ್ಲ, ಓಡಾಟವೂ ಇಲ್ಲ. ವರ್ಷ ದಾಟಿದರೆ ಮೇಲಿನಿಂದ ಆದೇಶ ತರಬೇಕು. ನಮಗೆ ಅಜ್ಜನ ದೊಡ್ಡಪ್ಪನದ್ದು ಸಿಗದೆ ಒಂದು ವರ್ಷ ಅದರಲ್ಲೇ ಹೋಯಿತು.

ವಂಶವೃಕ್ಷದಲ್ಲಿ ಒಂದು ಹೆಸರನ್ನೂ ಬಿಡಬೇಡಿ. ಮದುವೆಯಾಗಿ ಹೋದ ಅತ್ತೆ, ಮುಂಬೈಗೆ ಹೋಗಿ ಸುದ್ದಿಯೇ ಇಲ್ಲದ ಚಿಕ್ಕಪ್ಪ, ಮೊದಲ ಹೆಂಡತಿಯ ಮಗ, ಎಲ್ಲರೂ ಬರಬೇಕು. "ಅವರು ಏನೂ ಕೇಳುವುದಿಲ್ಲ, ಸುಮ್ನೆ ಯಾಕೆ" ಅಂತ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಪ್ರಮಾಣಪತ್ರ ಕೊಟ್ಟು ಸುಳ್ಳು ಹೇಳಿದರೆ ಕ್ರಿಮಿನಲ್ ಕೇಸು ಆಗಬಹುದು, ಮತ್ತೆ ಆ ಖಾತೆಯನ್ನು ಅಸಿಸ್ಟೆಂಟ್ ಕಮಿಷನರ್ ಮುಂದೆ ಅಪೀಲು ಹಾಕಿ ಕೆಡಿಸಬಹುದು.

ಖಾತೆ ಆಯಿತು ಅಂದರೆ ಹಕ್ಕು ಆಯಿತು ಅಂತ ತಿಳಿಯಬೇಡಿ. ಪಹಣಿ ಕಂದಾಯದ ದಾಖಲೆ ಅಷ್ಟೆ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಅಣ್ಣನ ಹೆಸರಿಗೆ ಮಾತ್ರ ಖಾತೆಯಾಗಿದ್ದರೂ ತಂಗಿಯ ಹಕ್ಕು ಎಲ್ಲಿಗೂ ಹೋಗಿಲ್ಲ. ಹಾಗೆಯೇ "ಮೂವತ್ತು ವರ್ಷದಿಂದ ತೋಟ ನೋಡಿಕೊಂಡವನು ನಾನು, ನೀವೆಲ್ಲ ಪಟ್ಟಣದಲ್ಲಿ ಇದ್ದಿರಿ, ಹಾಗಾಗಿ ನನ್ನದು" ಅನ್ನುವುದೂ ನಡೆಯುವುದಿಲ್ಲ. ಜಂಟಿ ಆಸ್ತಿಯಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನ. ಆದರೆ ಮೂವತ್ತು ವರ್ಷ ಮಳೆಯಲ್ಲಿ ನಿಂತು ಕಾಫಿ ಉಳಿಸಿದವರ ಕಷ್ಟವನ್ನು ಪಾಲು ಮಾಡುವಾಗ ಉಳಿದವರು ನೆನೆಯಬೇಕು, ಅದನ್ನು ಮಾತಾಡಿ ತೀರಿಸಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ.

ಬಿಟ್ಟುಕೊಟ್ಟೆ ಅನ್ನುವ ಸ್ಟಾಂಪ್ ಪೇಪರ್

ನಮ್ಮ ಪೆಟ್ಟಿಗೆಯಲ್ಲಿ ಹಳೆಯ ಸ್ಟಾಂಪ್ ಪೇಪರ್ ಒಂದು ಸಿಕ್ಕಿತು. ಸುಳ್ಯದ ಕಡೆಗೆ ಮದುವೆಯಾಗಿ ಹೋದ ಅತ್ತೆ "ನನಗೆ ಪಾಲು ಬೇಡ" ಅಂತ ಹೆಬ್ಬೆಟ್ಟು ಒತ್ತಿದ್ದು, ನೋಂದಣಿ ಇಲ್ಲ. ಚಿಕ್ಕಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿದ್ದರು. ವಕೀಲರು ಓದಿ ಮಡಚಿ ವಾಪಸ್ ಕೊಟ್ಟರು. ಜಾಗದ ಹಕ್ಕು ಬಿಡಬೇಕಾದರೆ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಟರಿ ಸೀಲು ಸಾಲದು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ನಡೆಸುತ್ತಿದ್ದೇವೆ ಅನ್ನುವವರಿಗೂ ಒಂದು ಮಾತು, ಜಿಪಿಎ ಕೊಟ್ಟವರು ತೀರಿಕೊಂಡ ದಿನವೇ ಅದು ಮುಗಿಯಿತು.

ನಾವು ಅತ್ತೆಯ ಮನೆಗೆ ಹೋಗಿ ಕೇಳಿದೆವು. ಅವರು ಕೆರೆಯ ಮೇಲಿನ ಒಂದು ಎಕರೆ ಕೇಳಿದರು. ಕೊಟ್ಟೆವು, ಪಾಲುಪತ್ರದಲ್ಲೇ ಬರೆದು.

ಪಾಲುಪತ್ರದಲ್ಲಿ ಬರೆಯಬೇಕಾದದ್ದು

ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಎಕರೆ ಸೆಂಟು ಹಂಚುವುದು ಒಂದು ದಿನದ ಕೆಲಸ. ಜಗಳ ಬರುವುದು ಎಕರೆಯಿಂದ ಅಲ್ಲ, ದಾರಿಯಿಂದ. ಕೆಳಗಿನ ತುಂಡಿಗೆ ಜೀಪು ಹೋಗುವುದು ಮೇಲಿನ ತುಂಡಿನ ಮೂಲಕ. ಈಗ ಅಣ್ಣತಮ್ಮ ಇದ್ದೀರಿ, ಸರಿ. ನಾಳೆ ಮೇಲಿನದ್ದನ್ನು ಹೊರಗಿನವರು ಕೊಂಡು ಗೇಟು ಹಾಕಿದರೆ? ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ಲಾರಿ ಹೋಗಬಹುದೋ ಇಲ್ಲವೋ, ರಿಪೇರಿ ಖರ್ಚು ಯಾರದು, ಎಲ್ಲ ಬರೆಯಿರಿ. ಕೆರೆಯ ನೀರು ಅದೇ ರೀತಿ. ಮಾರ್ಚಿನಲ್ಲಿ ಹೂಮಳೆ ಬರದಿದ್ದರೆ ಎಲ್ಲರಿಗೂ ಒಂದೇ ವಾರ ಸ್ಪ್ರಿಂಕ್ಲರ್ ಬೇಕು, ಪಂಪು ಒಂದೇ. ಸರದಿ ಯಾರಿಗೆ ಮೊದಲು? ಕಾಫಿ ಒಣಗಿಸುವ ಕಣ, ಕೆಲಸದವರ ಲೈನ್ ಮನೆ, ಕರೆಂಟ್ ಕಂಬದ ಲೈನು, ತೋಡಿನ ಕಟ್ಟೆ, ಇವೆಲ್ಲ ಹೆಸರು ಹಿಡಿದು ಬರಬೇಕು.

ಐನ್‌ಮನೆ, ಕೈಮಡ (ಹಿರಿಯರ ಗುಡಿ), ಸ್ಮಶಾನ, ಹುತ್ತರಿ ಹಬ್ಬಕ್ಕೆ ಕದಿರು ತೆಗೆಯುವ ಗದ್ದೆ, ಇವನ್ನು ಹಂಚದೆ ಜಂಟಿಯಾಗಿ ಇಡುತ್ತೇವೆ ಅಂತ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು, ಹೆಂಚು ಬದಲಾಯಿಸುವ ಖರ್ಚು ಹೇಗೆ ಅಂತಲೂ. ಮನೆಯ ಪಾಲನ್ನು ಹೆಣ್ಣುಮಕ್ಕಳು ಕೇಳುವಂತಿಲ್ಲ ಅನ್ನುವ ಹಳೆಯ ಕಲಂ 2005ರಲ್ಲೇ ಹೋಗಿದೆ, ಆದ್ದರಿಂದ ಈ ಮಾತುಕತೆಯಲ್ಲಿ ಅವರೂ ಕೂತಿರಬೇಕು.

ಸರ್ವೆ ನಂಬರಿನ ಒಂದು ತುಂಡನ್ನು ಬೇರೆ ಮಾಡುವಾಗ 11ಇ ನಕ್ಷೆ ಬೇಕು, ಅದಕ್ಕೆ ಸರ್ವೆಯರ್ ಬರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಜಿಗಣೆ ಬಿಟ್ಟು ಯಾರೂ ತೋಟಕ್ಕೆ ಇಳಿಯುವುದಿಲ್ಲ, ಹಾಗಾಗಿ ಅರ್ಜಿ ಹಾಕುವ ತಿಂಗಳು ನೋಡಿಕೊಳ್ಳಿ. ಪಾಲುಪತ್ರ ನೋಂದಾಯಿಸಿ. ಕುಟುಂಬದೊಳಗಿನ ಪಾಲು ಮತ್ತು ದಾನಕ್ಕೆ ಮಾರಾಟದ ಹಾಗೆ ಜಾಗದ ಬೆಲೆಯ ಮೇಲೆ ದೊಡ್ಡ ಮುದ್ರಾಂಕ ಶುಲ್ಕ ಇಲ್ಲ. ಆ ಖರ್ಚಿಗೆ ಹೆದರಿ ಬಿಳಿ ಹಾಳೆಯಲ್ಲಿ ಪಾಲುಪಟ್ಟಿ ಬರೆದುಕೊಂಡರೆ, ಆ ಹಾಳೆಯಿಂದಲೇ ಹಕ್ಕು ಹುಟ್ಟಬೇಕು ಅಂತಿದ್ದರೆ, ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ವಾರಸಾಗಿ ಬಂದ ತನ್ನ ಪಾಲನ್ನು ಒಬ್ಬರು ಮಾರಲು ಹೊರಟರೆ, ಜೊತೆಯ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕಿದೆ. ಕೃಷಿ ಜಮೀನಿಗೂ ಇದು ಅನ್ವಯಿಸುತ್ತದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೋಟ ರೆಸಾರ್ಟಿನವರ ಕೈಗೆ ಹೋದ ಮೇಲೆ ಅಳುವ ಬದಲು ಸುದ್ದಿ ಕಿವಿಗೆ ಬಿದ್ದ ದಿನವೇ ವಕೀಲರ ಹತ್ತಿರ ಹೋಗಿ.

ವಿಲ್ ಮತ್ತು ದಾನ

ವಿಲ್ ಬರೆಯಲು ಸ್ಟಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯ ಇಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಇಷ್ಟು ಬೇಕೇ ಬೇಕು. ಸಾಕ್ಷಿಗಳು ಬರೆದವರಿಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಯಾಕೆಂದರೆ ಮುಂದೆ ಒಬ್ಬರಾದರೂ ಕೋರ್ಟಿಗೆ ಬಂದು ಹೌದು, ನನ್ನ ಎದುರೇ ಸಹಿ ಹಾಕಿದರು ಅಂತ ಹೇಳಬೇಕಾಗಬಹುದು. ಆಸ್ತಿ ಸಿಗುವವರೇ ಸಾಕ್ಷಿ ಹಾಕಬೇಡಿ. ಕಡ್ಡಾಯ ಇಲ್ಲದಿದ್ದರೂ ನೋಂದಾಯಿಸಿ ಅಂತ ನನ್ನ ಸಲಹೆ, ವಯಸ್ಸು ಜಾಸ್ತಿ ಆಗಿದ್ದರೆ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಕೂಡ ಇಡಿ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದ್ದೇ ನಿಲ್ಲುವುದು. ಜಂಟಿ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಬರೆಯಬಹುದು, ಇಡೀ ಬಾಣೆಯನ್ನು ದೊಡ್ಡ ಮಗನಿಗೆ ಅಂತ ಬರೆದರೆ ಆಗುವುದಿಲ್ಲ.

ದಾನಪತ್ರ ಹಾಗಲ್ಲ. ಇವತ್ತು ನೋಂದಾಯಿಸಿದರೆ ಇವತ್ತೇ ಆಸ್ತಿ ಹೋಯಿತು, ಮನಸ್ಸು ಬದಲಾದರೆ ವಾಪಸ್ ಬರುವುದಿಲ್ಲ. ಅಪ್ಪ ಅಮ್ಮಂದಿರೇ, ಇದ್ದ ಮನೆಯನ್ನು ಮಕ್ಕಳಿಗೆ ದಾನ ಮಾಡುವುದಾದರೆ, ನಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆದಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ ಹಾಕಿ ದಾನವನ್ನೇ ರದ್ದು ಮಾಡಿಸಬಹುದು. ನಮ್ಮ ಹಾಗೆ ಒಂದೇ ಮನೆ, ಒಂದೇ ತೋಟ ಇರುವವರಿಗೆ ದಾನಕ್ಕಿಂತ ವಿಲ್ ಒಳ್ಳೆಯದು ಅಂತಲೇ ನಾನು ಹೇಳುವುದು.

ಬ್ಯಾಂಕಿನ ನಾಮಿನಿ ವಿಷಯವೂ ಕೇಳುತ್ತಾರೆ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಇಸಿದುಕೊಳ್ಳುವವರು, ಮಾಲೀಕರಲ್ಲ. ಆ ದುಡ್ಡು ವಿಲ್ ಪ್ರಕಾರ, ಇಲ್ಲದಿದ್ದರೆ ವಾರಸುದಾರರಿಗೆ. ನಾಮಿನಿಯೇ ಇಲ್ಲದೆ ದೊಡ್ಡ ಮೊತ್ತ ಇದ್ದರೆ ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತರಲು ಹೇಳಬಹುದು. ಆ ಸರ್ಟಿಫಿಕೇಟ್ ದುಡ್ಡು, ಷೇರುಗಳಿಗೆ ಮಾತ್ರ, ಜಮೀನಿಗೆ ಅಲ್ಲ.

ಮನೆಯ ಕೋವಿಯನ್ನೂ ಹಾಳೆಯಲ್ಲಿ ಸೇರಿಸಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ವಿಸ್ತರಿಸಿದ್ದಾರೆ. ಆದರೆ ವಿನಾಯಿತಿ ಪತ್ರ ಹೆಸರಿನ ಮೇಲೆ ಇರುತ್ತದೆ. ಹಿರಿಯರು ಹೋದ ಮೇಲೆ ಕೋವಿ ಗೋಡೆಯಲ್ಲೇ ತೂಗಿದ್ದರೆ ಸಾಲದು, ಯಾರ ಹೆಸರಿಗೆ ಅಂತ ಡಿಸಿ ಕಚೇರಿಯಲ್ಲಿ ಸರಿ ಮಾಡಿಸಿಕೊಳ್ಳಿ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನೆ ಕೂರಬೇಡಿ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಪಾಲಿನ ದಾವೆ ಈಗಾಗಲೇ ನಡೆಯುತ್ತಿದ್ದರೂ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡು ಡಿಕ್ರಿ ಪಡೆಯಬಹುದು.

ನಮ್ಮ ಕಾಗದಗಳೆಲ್ಲ ಈಗ ಎರಡು ಕಡೆ ಇವೆ. ಮೂಲ ಪ್ರತಿ ಐನ್‌ಮನೆಯ ಪೆಟ್ಟಿಗೆಯಲ್ಲಿ, ಜೆರಾಕ್ಸ್ ಮೈಸೂರಿನಲ್ಲಿ ತಂಗಿಯ ಹತ್ತಿರ. ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಅಂತ ಮನೆಯ ನಾಲ್ಕು ಜನಕ್ಕೆ ಗೊತ್ತು.